ಎರಡನೇ ವಾರದ ವಾಂತಿ ಮತ್ತು ಹಿಮ್ಮಡಿಯ ಒಂದು ಹನಿ ರಕ್ತ

ಹುಟ್ಟಿದಾಗ ಮೂರು ಕೆ.ಜಿ. ತೂಗಿದ ಗಂಡು ಮಗು. ನಾರ್ಮಲ್ ಹೆರಿಗೆ. ಬಾಣಂತಿ ಚಳ್ಳಕೆರೆ ಕಡೆಯ ತವರಿಗೆ ಹೋಗುತ್ತಾಳೆ. ಹತ್ತನೇ ದಿನದ ಹೊತ್ತಿಗೆ ಮಗು ಪದೇ ಪದೇ ಹಾಲು ಕಕ್ಕಲು ಶುರುಮಾಡುತ್ತದೆ. ‘ಎಳೆ ಮಕ್ಕಳು ಕಕ್ಕೋದು ಇದ್ದದ್ದೇ’ ಅನ್ನುತ್ತಾರೆ ಹಿರಿಯರು. ದೃಷ್ಟಿ ತೆಗೆಯುತ್ತಾರೆ. ಇನ್ನೆರಡು ದಿನಕ್ಕೆ ಮಗು ಮಂಕಾಗಿ, ಮೊಲೆ ಹಿಡಿಯುವುದನ್ನೇ ಬಿಡುತ್ತದೆ. ಚಿತ್ರದುರ್ಗಕ್ಕೋ ದಾವಣಗೆರೆಗೋ ಕರೆತರುವಷ್ಟರಲ್ಲಿ ರಕ್ತದಲ್ಲಿ ಸೋಡಿಯಂ ತೀರಾ ಕೆಳಗಿಳಿದಿರುತ್ತದೆ. ಪೊಟ್ಯಾಸಿಯಂ ಹೃದಯದ ಬಡಿತ ತಪ್ಪಿಸುವಷ್ಟು ಏರಿರುತ್ತದೆ. ಯಾರಾದರೂ ಸರಿಯಾದ ಅನುಮಾನ ಪಟ್ಟರೆ ಮಗು ಉಳಿಯುತ್ತದೆ. ಇಲ್ಲದಿದ್ದರೆ ‘ನಂಜು’ ಅಥವಾ ‘ವಾಂತಿ ಭೇದಿ’ ಎಂದು ಬರೆದು ಮುಗಿಯುತ್ತದೆ.

ಇದು ಯಾವುದೋ ಒಂದು ಮನೆಯಲ್ಲಿ ನಡೆದ ಘಟನೆ ಅಂತ ಹೇಳುತ್ತಿಲ್ಲ. ಈ ಕಾಯಿಲೆ ನಡೆಯುವ ಕ್ರಮವೇ ಹೀಗೆ. ಹೆಸರು ಕಂಜೆನಿಟಲ್ ಅಡ್ರಿನಲ್ ಹೈಪರ್‌ಪ್ಲೇಸಿಯಾ. ಡಾಕ್ಟರುಗಳು ಚಿಕ್ಕದಾಗಿ ಸಿಎಎಚ್ ಅನ್ನುತ್ತಾರೆ. ಹುಟ್ಟಿನಿಂದಲೇ ಬರುವ, ಸ್ಟೀರಾಯ್ಡ್ ಹಾರ್ಮೋನು ತಯಾರಿಸುವ ಒಂದು ಕಿಣ್ವ, ಅಂದರೆ ಎಂಜೈಮ್, ಕೆಲಸ ಮಾಡದ ಸ್ಥಿತಿ. ಇದರ ಜೀನ್ ಯಾವುದು, ಅದರಲ್ಲಿ ಎಲ್ಲಿ ತಪ್ಪಾಗುತ್ತದೆ, ಯಾವ ತಪ್ಪಿಗೆ ಎಷ್ಟು ಕಾಯಿಲೆ ಎಂಬುದೆಲ್ಲ ವಿಜ್ಞಾನಕ್ಕೆ ಚೆನ್ನಾಗಿ ಗೊತ್ತು. ಮಾತ್ರೆ ಎಪ್ಪತ್ತು ವರ್ಷಕ್ಕೂ ಹಳೆಯದು. ಆದರೂ ಮಗು ಉಳಿಯುವುದು ಇವೆರಡರಿಂದ ಅಲ್ಲ. ಮೂರನೇ ದಿನ ಹಿಮ್ಮಡಿ ಚುಚ್ಚಿ ತೆಗೆಯಬೇಕಾದ ಒಂದು ಹನಿ ರಕ್ತ, ಎರಡನೇ ವಾರ ನೋಡಬೇಕಾದ ತೂಕ, ಇವು ನಿರ್ಧರಿಸುತ್ತವೆ.

ಮೊದಲು ಒಳಗೆ ಏನಾಗುತ್ತದೆ ನೋಡೋಣ.

ಎರಡೂ ಕಿಡ್ನಿಗಳ ಮೇಲೆ ಒಂದೊಂದು ಪುಟ್ಟ ಗ್ರಂಥಿ ಇದೆ. ಅದೇ ಅಡ್ರಿನಲ್. ಅದರ ಹೊರಪದರದಲ್ಲಿ ಸ್ಟೀರಾಯ್ಡ್ ಹಾರ್ಮೋನುಗಳು ತಯಾರಾಗುತ್ತವೆ. ಕಚ್ಚಾ ಮಾಲು ಕೊಲೆಸ್ಟ್ರಾಲ್. ಹೌದು, ರಕ್ತ ಪರೀಕ್ಷೆಯಲ್ಲಿ ನಾವು ಹೆದರುವ ಅದೇ ಕೊಲೆಸ್ಟ್ರಾಲ್. ಅದರಲ್ಲಿ 27 ಕಾರ್ಬನ್ ಇರುತ್ತವೆ. ಮೊದಲ ಕಿಣ್ವ ಆರು ಕಾರ್ಬನ್ ಕತ್ತರಿಸಿ 21 ಕಾರ್ಬನ್ನಿನ ಪ್ರೆಗ್ನೆನೊಲೋನ್ ಮಾಡುತ್ತದೆ. ಅಲ್ಲಿಂದ ದಾರಿ ಮೂರಾಗುತ್ತದೆ. ಒಂದು ಆಲ್ಡೋಸ್ಟೆರೋನ್ ಕಡೆಗೆ. ಇದು ದೇಹದಲ್ಲಿ ಉಪ್ಪನ್ನು ಹಿಡಿದಿಡುವ ಹಾರ್ಮೋನು. ಇನ್ನೊಂದು ಕಾರ್ಟಿಸಾಲ್ ಕಡೆಗೆ. ಜ್ವರ, ಪೆಟ್ಟು, ಉಪವಾಸ ಬಂದಾಗ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಬೀಳದಂತೆ ನೋಡಿಕೊಳ್ಳುವುದು ಇದೇ. ಮೂರನೆಯದು ಆಂಡ್ರೋಜನ್, ಅಂದರೆ ಗಂಡು ಹಾರ್ಮೋನುಗಳ ಕಡೆಗೆ.

ದಾವಣಗೆರೆಯವರಿಗೆ ಹಳೆಯ ಹತ್ತಿ ಗಿರಣಿಗಳ ನೆನಪು ಇನ್ನೂ ಇದೆ. ಒಂದೇ ಹತ್ತಿ ಮೂರು ಸಾಲು ಯಂತ್ರಗಳಿಗೆ ಹೋಗುತ್ತಿದೆ ಅಂದುಕೊಳ್ಳಿ. ಎರಡು ಸಾಲುಗಳ ನಡುವೆ ಇರುವ ಒಂದು ಯಂತ್ರ ಕೆಟ್ಟಿತು. ಆ ಎರಡೂ ಸಾಲಿನ ಬಟ್ಟೆ ನಿಂತುಹೋಯಿತು. ಅವಕ್ಕೆ ಬಂದ ಹತ್ತಿಯೆಲ್ಲ ಯಂತ್ರದ ಹಿಂದೆ ರಾಶಿ ಬಿದ್ದು, ಸರಿಯಾಗಿರುವ ಮೂರನೇ ಸಾಲಿಗೆ ನುಗ್ಗಿತು. ಆಫೀಸಿನಲ್ಲಿ ಕೂತ ಮಾಲೀಕನಿಗೆ ಯಂತ್ರ ಕೆಟ್ಟದ್ದು ಗೊತ್ತಿಲ್ಲ. ಬಟ್ಟೆ ಬಂದಿಲ್ಲ ಅಂತ ಇನ್ನಷ್ಟು ಹತ್ತಿ ಕಳಿಸುತ್ತಲೇ ಇದ್ದಾನೆ.

ಆ ಕೆಟ್ಟ ಯಂತ್ರದ ಹೆಸರು 21-ಹೈಡ್ರಾಕ್ಸಿಲೇಸ್. ಸ್ಟೀರಾಯ್ಡಿನ 21ನೇ ಕಾರ್ಬನ್ನಿಗೆ ಒಂದು ಆಕ್ಸಿಜನ್-ಹೈಡ್ರೋಜನ್ ಜೋಡಿ ಅಂಟಿಸುವುದಷ್ಟೇ ಅದರ ಕೆಲಸ. ಆಲ್ಡೋಸ್ಟೆರೋನ್, ಕಾರ್ಟಿಸಾಲ್ ಎರಡಕ್ಕೂ ಅದು ಬೇಕೇ ಬೇಕು. ಆಂಡ್ರೋಜನ್ನಿಗೆ ಬೇಡ. ರಾಶಿ ಬೀಳುವ ಮಾಲಿನ ಹೆಸರು 17-ಹೈಡ್ರಾಕ್ಸಿ ಪ್ರೊಜೆಸ್ಟೆರೋನ್. ಲ್ಯಾಬ್ ವರದಿಯಲ್ಲಿ 17-ಒಎಚ್‌ಪಿ ಎಂದಿರುತ್ತದೆ. ಮಾಲೀಕ ಅಂದರೆ ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ. ಕಾರ್ಟಿಸಾಲ್ ಕಾಣದೆ ಅದು ಎಸಿಟಿಎಚ್ ಎಂಬ ಹಾರ್ಮೋನನ್ನು ಜಾಸ್ತಿ ಮಾಡುತ್ತಾ ಹೋಗುತ್ತದೆ. ಅದರ ಒತ್ತಡಕ್ಕೆ ಅಡ್ರಿನಲ್ ಗ್ರಂಥಿ ಊದಿಕೊಳ್ಳುತ್ತದೆ. ಕಾಯಿಲೆಯ ಉದ್ದ ಹೆಸರಿನಲ್ಲಿ ಇರುವುದು ಆ ಊತವೇ. ಸಿಎಎಚ್ ಇರುವವರಲ್ಲಿ ನೂರಕ್ಕೆ 95ರಷ್ಟು ಜನರಲ್ಲಿ ಕೆಟ್ಟಿರುವುದು ಇದೊಂದೇ ಕಿಣ್ವ.

ನೂರರಲ್ಲಿ ಒಂದು ಭಾಗದ ಬೆಲೆ

ಈ ಕಾಯಿಲೆಯಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗ ಅನ್ನಿಸುವುದು ಒಂದು ಲೆಕ್ಕ. ಜೀನ್ ಕೆಟ್ಟಿದೆ ಅಂದಮಾತ್ರಕ್ಕೆ ಕಿಣ್ವ ಪೂರ್ತಿ ಇಲ್ಲ ಅಂತಲ್ಲ. ಯಾವ ಮ್ಯುಟೇಶನ್, ಅಂದರೆ ಜೀನಿನಲ್ಲಿ ಯಾವ ತಪ್ಪು, ಎಂಬುದರ ಮೇಲೆ ಎಷ್ಟು ಕೆಲಸ ಉಳಿದಿದೆ ಎಂಬುದು ನಿಂತಿದೆ.

ಈ ಕಿಣ್ವ ಸುಮಾರು 495 ಅಮೈನೋ ಆಮ್ಲಗಳ ಸರಪಳಿ. ಅದರ ಜೀನ್ 6ನೇ ಕ್ರೋಮೋಸೋಮಿನಲ್ಲಿದೆ, ಹೆಸರು ಸಿವೈಪಿ21ಎ2. 318ನೇ ಜಾಗದಲ್ಲಿ ‘ಇಲ್ಲಿಗೆ ನಿಲ್ಲಿಸು’ ಎಂಬ ಸಂಕೇತ ಬಂದರೆ ಸರಪಳಿ ಅರ್ಧಂಬರ್ಧ ಆಗುತ್ತದೆ. ಅಂಥ ಕಿಣ್ವದಿಂದ ಏನೂ ಕೆಲಸವಿಲ್ಲ. 172ನೇ ಜಾಗದಲ್ಲಿ ಐಸೋಲ್ಯೂಸಿನ್ ಬದಲು ಆಸ್ಪರಜಿನ್ ಕೂತರೆ ಕತೆ ಬೇರೆ. ಮೊದಲನೆಯದಕ್ಕೆ ನೀರು ಆಗದು, ಎರಡನೆಯದಕ್ಕೆ ನೀರೇ ಇಷ್ಟ. ಕಿಣ್ವದ ಒಳಮಡಿಕೆ ಅಲ್ಲಾಡುತ್ತದೆ. ಆದರೂ ನೂರರಲ್ಲಿ ಒಂದೆರಡು ಭಾಗ ಕೆಲಸ ಉಳಿಯುತ್ತದೆ. 281ನೇ ಜಾಗದಲ್ಲಿ ವ್ಯಾಲಿನ್ ಹೋಗಿ ಲ್ಯೂಸಿನ್ ಬಂದರೆ ಪೆಟ್ಟು ಇನ್ನೂ ಸಣ್ಣದು. ನೂರರಲ್ಲಿ 20ರಿಂದ 50ರಷ್ಟು ಕೆಲಸ ಉಳಿದಿರುತ್ತದೆ. (ಹೊಸ ವರದಿಗಳಲ್ಲಿ ಇದೇ ಜಾಗಗಳಿಗೆ 319, 173, 282 ಎಂದು ಒಂದೊಂದು ಅಂಕಿ ಜಾಸ್ತಿ ಇರುತ್ತದೆ. ಎಣಿಸುವ ಕ್ರಮ ಬದಲಾಗಿದೆ ಅಷ್ಟೇ, ಗಾಬರಿ ಬೇಡ.)

ಈಗ ಲೆಕ್ಕಕ್ಕೆ ಬನ್ನಿ. ದೇಹ ದಿನಕ್ಕೆ ತಯಾರಿಸುವ ಕಾರ್ಟಿಸಾಲ್ ಮಿಲಿಗ್ರಾಂಗಳಲ್ಲಿ ಇರುತ್ತದೆ. ಆಲ್ಡೋಸ್ಟೆರೋನ್ ಇರುವುದು ಮೈಕ್ರೋಗ್ರಾಂಗಳಲ್ಲಿ. ಅಂದರೆ ಉಪ್ಪಿನ ಹಾರ್ಮೋನು ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಕಡಿಮೆ ಸಾಕು. ಹಾಗಾಗಿ ಕಿಣ್ವದಲ್ಲಿ ನೂರರ ಒಂದೆರಡು ಭಾಗ ಜೀವ ಉಳಿದಿದ್ದರೂ ಆಲ್ಡೋಸ್ಟೆರೋನ್ ಹೇಗೋ ಸಾಕಾಗುತ್ತದೆ. ಕಾರ್ಟಿಸಾಲಿಗೆ ಸಾಲುವುದಿಲ್ಲ. ಆ ಮಗು ಎರಡನೇ ವಾರ ಉಪ್ಪು ಕಳೆದುಕೊಂಡು ಕುಸಿಯುವುದಿಲ್ಲ. ಕಿಣ್ವ ಸೊನ್ನೆಯಾಗಿದ್ದರೆ ಕುಸಿಯುತ್ತದೆ. ತೀವ್ರ ರೂಪದ ಸಿಎಎಚ್ ಇರುವ ನಾಲ್ಕು ಮಕ್ಕಳಲ್ಲಿ ಮೂರು ಈ ಉಪ್ಪು ಸೋರುವ ಗುಂಪಿನವು.

ಇನ್ನೊಂದು ನಿಯಮ. ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನದೊಂದು, ಅಮ್ಮನದೊಂದು. ಎರಡೂ ಕೆಟ್ಟರೆ ಮಾತ್ರ ಕಾಯಿಲೆ. ಎರಡೂ ಕೆಟ್ಟಾಗ ಯಾವುದು ಕಡಿಮೆ ಕೆಟ್ಟಿದೆಯೋ ಅದರಂತೆ ಕಾಯಿಲೆಯ ತೀವ್ರತೆ. ಒಂದು ಪ್ರತಿ ಪೂರ್ತಿ ಸತ್ತು ಇನ್ನೊಂದರಲ್ಲಿ 30 ಭಾಗ ಉಳಿದಿದ್ದರೆ ಆ ಮಗುವಿಗೆ ಸೌಮ್ಯ ರೂಪವೇ ಬರುತ್ತದೆ. ಒಂದು ಪ್ರತಿ ಮಾತ್ರ ಕೆಟ್ಟವರು ಆರಾಮಾಗಿ ಇರುತ್ತಾರೆ. ತಾವು ವಾಹಕರು ಅಂತ ಅವರಿಗೆ ಜೀವಮಾನವಿಡೀ ಗೊತ್ತೇ ಆಗುವುದಿಲ್ಲ.

ಪಕ್ಕದಲ್ಲೇ ಕೂತ ಹಾಳು ಪ್ರತಿ

ಈ ಜೀನ್ ಇಷ್ಟು ಸಲ ಯಾಕೆ ಕೆಡುತ್ತದೆ? ಉತ್ತರ ಅದರ ಅಕ್ಕಪಕ್ಕದಲ್ಲಿದೆ. ಡಿಎನ್ಎಯ ಸುಮಾರು 30 ಸಾವಿರ ಅಕ್ಷರಗಳ ದೂರದಲ್ಲಿ ಇದರದೇ ಒಂದು ಕೆಟ್ಟುಹೋದ ನಕಲು ಕೂತಿದೆ. ಕಿಣ್ವದ ಸಂಕೇತ ಇರುವ ಭಾಗಗಳಲ್ಲಿ ಎರಡೂ ನೂರಕ್ಕೆ 98ರಷ್ಟು ಒಂದೇ. ನಕಲಿನಲ್ಲಿ ಹಲವು ಕಡೆ ಅಕ್ಷರ ತಪ್ಪಿವೆ, ಅದರಿಂದ ಕಿಣ್ವ ಹುಟ್ಟುವುದಿಲ್ಲ. ವೀರ್ಯಾಣು ಅಥವಾ ಅಂಡಾಣು ತಯಾರಾಗುವಾಗ ಕ್ರೋಮೋಸೋಮುಗಳು ಜೋಡಿಯಾಗಿ ಅಕ್ಕಪಕ್ಕ ನಿಲ್ಲುತ್ತವೆ. ಇಷ್ಟು ಹೋಲುವ ಎರಡು ಜೀನ್ ಇದ್ದಾಗ ಜೋಡಿ ತಪ್ಪುತ್ತದೆ. ಆಗ ನಕಲಿನ ತಪ್ಪು ಅಸಲಿಗೆ ಬಂದು ಸೇರುತ್ತದೆ. ಕೆಲವೊಮ್ಮೆ ಒಂದು ದೊಡ್ಡ ತುಂಡೇ ಬಿದ್ದುಹೋಗುತ್ತದೆ. ಈ ಜೀನಿನ ಬಹುಪಾಲು ಮ್ಯುಟೇಶನ್‌ಗಳು ಎಲ್ಲಿಂದಲೋ ಹೊಸದಾಗಿ ಬಂದವಲ್ಲ, ಪಕ್ಕದಿಂದಲೇ ಬಂದವು. ಎರಡನೇ ಇಂಟ್ರಾನಿನಲ್ಲಿ (ಜೀನಿನ ಸಂದೇಶದಿಂದ ಕತ್ತರಿಸಿ ತೆಗೆಯಬೇಕಾದ ತುಂಡು) ಒಂದೇ ಅಕ್ಷರ ಬದಲಾಗಿ ಸಂದೇಶದ ಕತ್ತರಿಸುವಿಕೆ ತಪ್ಪುವ ಮ್ಯುಟೇಶನ್ ಒಂದಿದೆ. ಭಾರತದ ರೋಗಿಗಳಲ್ಲಿ ಪದೇ ಪದೇ ಕಾಣುವವುಗಳಲ್ಲಿ ಅದೂ ಒಂದು.

ಇದಕ್ಕೆ ನಮ್ಮ ಜೇಬಿಗೆ ಸಂಬಂಧಿಸಿದ ಒಂದು ಪರಿಣಾಮ ಇದೆ. ಈಗ ಜೀನ್ ಟೆಸ್ಟ್ ಅಂದರೆ ‘ಎಕ್ಸೋಮ್ ಮಾಡಿಸಿ’ ಅನ್ನುವುದು ಸಾಮಾನ್ಯ. ಎಲ್ಲ ಜೀನುಗಳ ಸಂಕೇತದ ಭಾಗಗಳನ್ನು ಒಟ್ಟಿಗೆ ಓದುವ ಪರೀಕ್ಷೆ ಅದು. ಸಾವಿರಾರು ರೂಪಾಯಿ ಖರ್ಚು. ಆ ಪರೀಕ್ಷೆ ಡಿಎನ್ಎಯನ್ನು ಸಣ್ಣ ಚೂರುಗಳಾಗಿ ಓದುತ್ತದೆ. ಒಂದು ಚೂರು ಅಸಲಿ ಜೀನಿನದೋ ನಕಲಿನದೋ ಎಂದು ಅದಕ್ಕೆ ತಿಳಿಯುವುದು ಕಷ್ಟ. ಹಾಗಾಗಿ ಸಿಎಎಚ್ ಅನುಮಾನ ಇದ್ದಾಗ ‘ಎಕ್ಸೋಮ್ ನಾರ್ಮಲ್’ ಎಂಬ ವರದಿಯನ್ನು ನಂಬಿ ಕೂರುವಂತಿಲ್ಲ. ಈ ಜೀನಿಗೆಂದೇ ಇರುವ ಪರೀಕ್ಷೆ ಬೇಕು. ಉದ್ದ ತುಂಡುಗಳನ್ನು ಪಿಸಿಆರ್ ಮಾಡಿ ಓದುವುದು ಒಂದು. ತುಂಡು ಬಿದ್ದುಹೋಗಿದೆಯಾ ಎಂದು ನೋಡುವ ಎಂಎಲ್‌ಪಿಎ ಇನ್ನೊಂದು. ದುಡ್ಡು ಕೊಡುವ ಮೊದಲು ಇದನ್ನು ಕೇಳಿಕೊಳ್ಳುವುದು ಒಳ್ಳೆಯದು. ಅಂದಹಾಗೆ ಮಗುವಿಗೆ ಚಿಕಿತ್ಸೆ ಶುರುಮಾಡಲು ಜೀನ್ ಪರೀಕ್ಷೆ ಬೇಕಿಲ್ಲ. 17-ಒಎಚ್‌ಪಿ, ಸೋಡಿಯಂ, ಪೊಟ್ಯಾಸಿಯಂ ಸಾಕು.

ಬೇರೆ ಯಂತ್ರ ಕೆಟ್ಟರೆ

ಇದೇ ಸಾಲಿನ ಬೇರೆ ಕಿಣ್ವಗಳೂ ಕೆಡುತ್ತವೆ, ಅಪರೂಪಕ್ಕೆ. ಕೊನೆಯ ಹೆಜ್ಜೆಯ 11-ಬೀಟಾ ಹೈಡ್ರಾಕ್ಸಿಲೇಸ್ ಕೆಟ್ಟರೆ ಉಪ್ಪು ಸೋರುವುದರ ಬದಲು ಬಿಪಿ ಏರುತ್ತದೆ. ಅಲ್ಲಿ ರಾಶಿ ಬೀಳುವ ಮಾಲಿಗೇ ಉಪ್ಪು ಹಿಡಿಯುವ ಗುಣ ಇದೆ. 17-ಆಲ್ಫಾ ಹೈಡ್ರಾಕ್ಸಿಲೇಸ್ ಕೆಟ್ಟ ಹುಡುಗಿ ಹದಿನಾರು, ಹದಿನೇಳಾದರೂ ಮೈನೆರೆಯುವುದಿಲ್ಲ. ಜೊತೆಗೆ ಆ ವಯಸ್ಸಿಗೇ ಬಿಪಿ, ಪೊಟ್ಯಾಸಿಯಂ ಕಡಿಮೆ. ಮನೆಯವರು ದೇವರ ಹರಕೆ, ನಾಟಿ ಔಷಧಿ ಅಂತ ಓಡಾಡುತ್ತಾರೆ. ಆಕೆಯ ಬಿಪಿ ನೋಡುವವರು ಯಾರೂ ಇರುವುದಿಲ್ಲ. ಮೈನೆರೆಯದ ಹುಡುಗಿ ಕ್ಲಿನಿಕ್ಕಿಗೆ ಬಂದರೆ ಮೊದಲು ಬಿಪಿ ಪಟ್ಟಿ ಕಟ್ಟಬೇಕು ಎಂದು ನಾನು ಹೇಳುವುದು ಇದಕ್ಕೇ.

ಅಡ್ರಿನಲ್‌ನಿಂದ ಹೊರಗೆ ಕೆಲಸ ಮಾಡುವ 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದ ಕತೆ ಇನ್ನೂ ವಿಚಿತ್ರ. ಟೆಸ್ಟೋಸ್ಟೆರಾನನ್ನು ಇನ್ನಷ್ಟು ಬಲವಾದ ರೂಪಕ್ಕೆ ತಿರುಗಿಸುವುದು ಅದರ ಕೆಲಸ. ಅದು ಕೆಟ್ಟ ಗಂಡು ಮಕ್ಕಳು ಹುಟ್ಟುವಾಗ ಹೆಣ್ಣು ಮಕ್ಕಳಂತೆಯೇ ಕಾಣಬಹುದು, ಪ್ರಾಯಕ್ಕೆ ಬಂದಾಗ ದೇಹ ಗಂಡಿನ ಕಡೆ ತಿರುಗುತ್ತದೆ. ಡೊಮಿನಿಕನ್ ರಿಪಬ್ಲಿಕ್‌ನ ಒಂದು ಹಳ್ಳಿಯಲ್ಲಿ ಇಂಥ ಹಲವು ಕುಟುಂಬಗಳಿದ್ದವು. 1974ರಲ್ಲಿ ಜೂಲಿಯಾನ್ನೆ ಇಂಪೆರಾಟೋ-ಮೆಕ್‌ಗಿನ್ಲೆ ಮತ್ತು ಸಂಗಡಿಗರು ಅದರ ಕಾರಣ ತಿಳಿಸಿದರು. ಆ ಜನರಲ್ಲಿ ಪ್ರಾಸ್ಟೇಟ್ ಚಿಕ್ಕದಾಗಿರುವುದೂ ಕಂಡಿತು. ಇದೇ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆ ಬಂದದ್ದು ಆ ಜಾಡು ಹಿಡಿದು. ಇವತ್ತು ಪ್ರಾಸ್ಟೇಟ್ ಊದಿದ ತಾತನೂ ಕೂದಲು ಉದುರುವ ಮೊಮ್ಮಗನೂ ಅದನ್ನೇ ನುಂಗುತ್ತಾರೆ.

21-ಹೈಡ್ರಾಕ್ಸಿಲೇಸಿನ ಸೌಮ್ಯ ರೂಪದ ಬಗ್ಗೆಯೂ ಒಂದು ಮಾತು. ಕಾಲೇಜು ಹುಡುಗಿಗೆ ಮುಟ್ಟು ಏರುಪೇರು, ಮುಖದಲ್ಲಿ ಮೊಡವೆ, ಗಲ್ಲದ ಮೇಲೆ ಕೂದಲು. ಈಗ ಇದಕ್ಕೆಲ್ಲ ಒಂದೇ ಹೆಸರು ಸಿದ್ಧವಾಗಿದೆ, ಪಿಸಿಒಡಿ. ಹೆಚ್ಚಿನವರಿಗೆ ಅದೇ ಇರುತ್ತದೆ ನಿಜ. ಆದರೆ ಕೆಲವರಲ್ಲಿ ಇರುವುದು ಸೌಮ್ಯ ಸಿಎಎಚ್. ಮುಟ್ಟಿನ ಮೊದಲ ದಿನಗಳಲ್ಲಿ ಬೆಳಿಗ್ಗೆ ಬೇಗ 17-ಒಎಚ್‌ಪಿ ರಕ್ತ ಪರೀಕ್ಷೆ ಮಾಡಿದರೆ ಅನುಮಾನ ಬಹುಮಟ್ಟಿಗೆ ತೀರುತ್ತದೆ. ಮಧ್ಯಾಹ್ನ ಮಾಡಿದರೆ ಪ್ರಯೋಜನ ಕಡಿಮೆ, ಯಾಕೆಂದರೆ ಹೊತ್ತು ಏರಿದಂತೆ ಅದು ತಾನಾಗಿ ಇಳಿಯುತ್ತದೆ.

ನಮ್ಮ ಕಡೆ ಎಷ್ಟು ಮಕ್ಕಳು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಹಲವು ಕೇಂದ್ರಗಳಲ್ಲಿ 1 ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿತು. 5,762 ಮಕ್ಕಳಿಗೆ ಒಂದರಂತೆ ಸಿಎಎಚ್ ಕಂಡಿತು. ಚೆನ್ನೈನಲ್ಲಿ 2,036ಕ್ಕೆ ಒಂದು. ಜಗತ್ತಿನ ಬೇರೆ ಕಡೆ ಸಾಮಾನ್ಯವಾಗಿ ಹೇಳುವುದು 10 ಸಾವಿರದಿಂದ 20 ಸಾವಿರಕ್ಕೆ ಒಂದು.

ಚಿತ್ರದುರ್ಗ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಸುಮಾರು 16.6 ಲಕ್ಷ. ವರ್ಷಕ್ಕೆ ಸಾವಿರ ಜನಕ್ಕೆ 16 ಹೆರಿಗೆ ಅಂತ ಹಿಡಿದರೂ 26 ಸಾವಿರ ದಾಟುತ್ತದೆ. 5,762ರಿಂದ ಭಾಗಿಸಿದರೆ ವರ್ಷಕ್ಕೆ ನಾಲ್ಕೈದು ಮಕ್ಕಳು. ಹರಪನಹಳ್ಳಿ ಬಿಟ್ಟುಹೋದ ಮೇಲೆ ದಾವಣಗೆರೆಯೂ ಹೆಚ್ಚುಕಡಿಮೆ ಅಷ್ಟೇ ದೊಡ್ಡದು. ಎರಡೂ ಜಿಲ್ಲೆ ಸೇರಿ ಎಂಟೊಂಬತ್ತು. ಇದು ನನ್ನ ಒರಟು ಲೆಕ್ಕ. ಚೆನ್ನೈನ ದರ ಹಿಡಿದರೆ ಇಪ್ಪತ್ತೈದು ದಾಟುತ್ತದೆ.

ಇಲ್ಲಿ ಸೋದರ ಸಂಬಂಧದ ಮಾತು ಬರಲೇಬೇಕು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು 27 ಮದುವೆಗಳು ರಕ್ತ ಸಂಬಂಧದಲ್ಲೇ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ದೇಶದಲ್ಲೇ ಮೇಲಿನ ಸಾಲಿನಲ್ಲಿದ್ದೇವೆ. 5,762ಕ್ಕೆ ಒಂದು ಮಗು ಅಂದರೆ ಸುಮಾರು 38 ಜನರಲ್ಲಿ ಒಬ್ಬರು ವಾಹಕರು. ಸಂಬಂಧವೇ ಇಲ್ಲದ ಇಬ್ಬರು ಮದುವೆಯಾದರೆ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಅದೇ ಐದಾರು ಸಾವಿರಕ್ಕೆ ಒಂದು. ಅತ್ತೆ ಮಗ, ಮಾವನ ಮಗಳು ಮದುವೆಯಾದರೆ ಅದು ಸುಮಾರು ಸಾವಿರಕ್ಕೆ ಒಂದಾಗುತ್ತದೆ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟರೆ ಐನೂರೈವತ್ತಕ್ಕೆ ಒಂದು. ಒಂದೇ ಅಜ್ಜ, ಅಜ್ಜಿಯ ಕೆಟ್ಟ ಪ್ರತಿ ಎರಡೂ ಕಡೆಯಿಂದ ಬಂದು ಮಗುವಿನಲ್ಲಿ ಸೇರುವ ಸಾಧ್ಯತೆ ಅಷ್ಟು ಹೆಚ್ಚು.

ಈ ಅಂಕಿಯನ್ನು ಎರಡೂ ಕಡೆಯಿಂದ ನೋಡಬೇಕು. ಅಪಾಯ ಹತ್ತು ಪಟ್ಟು ಏರಿತು ಎನ್ನುವುದು ನಿಜ. ಐನೂರೈವತ್ತರಲ್ಲಿ ಐನೂರ ನಲವತ್ತೊಂಬತ್ತು ಮಕ್ಕಳಿಗೆ ಈ ಕಾಯಿಲೆ ಇಲ್ಲ ಎನ್ನುವುದೂ ನಿಜ. ‘ನಮ್ಮ ಮನೇಲಿ ಮೂರು ತಲೆಮಾರಿಂದ ಒಳಗೇ ಕೊಡೋದು, ಏನಾಗಿದೆ?’ ಎಂಬ ಮಾತು ಅದಕ್ಕೇ ಅಷ್ಟು ಗಟ್ಟಿಯಾಗಿ ಬರುತ್ತದೆ. ಮದುವೆ ಪದ್ಧತಿ ಬದಲಾಗಲಿ ಎಂದು ಭಾಷಣ ಮಾಡಿ ಕಾಯುವುದರಲ್ಲಿ ನನಗೆ ನಂಬಿಕೆ ಕಡಿಮೆ. ಸಂಬಂಧವಿಲ್ಲದವರ ಮಕ್ಕಳಿಗೂ ಇದು ಬರುತ್ತದೆ ಅಲ್ವಾ? ಹುಟ್ಟಿದ ಮಗುವನ್ನು ಉಳಿಸುವ ದಾರಿ ಬೇರೆಯೇ ಇದೆ, ಅದು ಬೇಗ ಆಗುವಂಥದ್ದು.

ಹೆಣ್ಣು ಮಗು ಕಾಣುತ್ತದೆ, ಗಂಡು ಮಗು ಕಾಣುವುದಿಲ್ಲ

ಈ ಕಾಯಿಲೆ ಇರುವ ಹೆಣ್ಣು ಮಗು ಹುಟ್ಟಿದ ಕೂಡಲೇ ಸುಳಿವು ಕೊಡುತ್ತದೆ. ಗರ್ಭದಲ್ಲೇ ಆಂಡ್ರೋಜನ್ ಜಾಸ್ತಿಯಾಗಿ ಹೊರಗಿನ ಅಂಗಗಳು ಗಂಡಿನಂತೆ ಬೆಳೆದಿರುತ್ತವೆ. ಒಳಗೆ ಗರ್ಭಕೋಶ, ಅಂಡಾಶಯ ಎಲ್ಲವೂ ಸರಿಯಾಗಿರುತ್ತವೆ. ಮುಂದೆ ಚಿಕಿತ್ಸೆಯಲ್ಲಿದ್ದರೆ ತಾಯಿಯಾಗಲೂಬಹುದು. ಗಂಡೋ ಹೆಣ್ಣೋ ತಿಳಿಯದೆ ಹೆರಿಗೆ ಕೋಣೆಯಲ್ಲಿ ಪಿಸುಮಾತು ಶುರುವಾಗುತ್ತದೆ. ಕೆಲವು ಕಡೆ ಮುಚ್ಚಿಡುತ್ತಾರೆ. ಇನ್ನು ಕೆಲವು ಕಡೆ ಗಂಡು ಎಂದೇ ಬರೆಸಿಬಿಡುತ್ತಾರೆ. ವೃಷಣ ಕೈಗೆ ಸಿಗದ ‘ಗಂಡು’ ಮಗುವನ್ನು ಸಿಎಎಚ್ ಪರೀಕ್ಷೆ ಆಗದೆ ಮನೆಗೆ ಕಳಿಸಲೇಬಾರದು. ಅವಸರದ ಆಪರೇಶನ್ ಕೂಡ ಬೇಡ. ಮಗುವಿನ ಲಿಂಗ ‘ಸರಿಮಾಡುವ’ ಶಸ್ತ್ರಚಿಕಿತ್ಸೆಗಳನ್ನು, ಜೀವಕ್ಕೆ ಅಪಾಯವಿದ್ದಾಗ ಬಿಟ್ಟು, ತಮಿಳುನಾಡು ಸರ್ಕಾರ 2019ರಲ್ಲಿ ನಿಷೇಧಿಸಿತು. ಮದ್ರಾಸ್ ಹೈಕೋರ್ಟಿನ ತೀರ್ಪು ಅದಕ್ಕೆ ಕಾರಣ.

ಗಂಡು ಮಗುವಿನಲ್ಲಿ ಹೊರಗೆ ಏನೂ ಗೊತ್ತಾಗುವುದಿಲ್ಲ. ಅಲ್ಲೇ ಅಪಾಯ ಇರುವುದು. ಇದು ಆಟೋಸೋಮಲ್ ಕಾಯಿಲೆ, ಅಂದರೆ ಇದರ ಜೀನ್ ಲಿಂಗ ನಿರ್ಧರಿಸುವ ಕ್ರೋಮೋಸೋಮಿನಲ್ಲಿ ಇಲ್ಲ, ಗಂಡು ಹೆಣ್ಣು ಸಮಸಮ ಬರಬೇಕು. ಸ್ಕ್ರೀನಿಂಗ್, ಅಂದರೆ ಹುಟ್ಟಿದ ಎಲ್ಲ ಮಕ್ಕಳ ತಪಾಸಣೆ, ಇಲ್ಲದ ಕಡೆ ಆಸ್ಪತ್ರೆ ದಾಖಲೆಯಲ್ಲಿ ಹೆಣ್ಣು ಮಕ್ಕಳೇ ಜಾಸ್ತಿ ಕಂಡರೆ, ಕಾಣದ ಗಂಡು ಮಕ್ಕಳು ಎಲ್ಲಿ ಹೋದರು ಎಂದು ಕೇಳಬೇಕಾಗುತ್ತದೆ.

ಈ ಪ್ರಶ್ನೆಗೆ ಉತ್ತರ ಹಿಮ್ಮಡಿ ಚುಚ್ಚುವ ಪರೀಕ್ಷೆ. ಎರಡು, ಮೂರನೇ ದಿನ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತವನ್ನು ದಪ್ಪ ಕಾಗದದ ಮೇಲೆ ಇಳಿಸಿ, ಒಣಗಿಸಿ, ಲ್ಯಾಬಿಗೆ ಕಳಿಸುತ್ತಾರೆ. ಅಂಚೆಯಲ್ಲೂ ಹೋಗುತ್ತದೆ. 17-ಒಎಚ್‌ಪಿ ಅಳೆಯುತ್ತಾರೆ. ಅಲಾಸ್ಕಾದಲ್ಲಿ 1977ರಲ್ಲಿ ಪ್ರಯೋಗವಾಗಿ ಶುರುವಾದದ್ದು ಈಗ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಇದೆ. ನಮ್ಮಲ್ಲಿ ಗೋವಾ 2008ರಲ್ಲೇ ನವಜಾತ ಶಿಶು ಸ್ಕ್ರೀನಿಂಗ್ ಆರಂಭಿಸಿತ್ತು. ಕೇರಳದ ಸರ್ಕಾರಿ ಆಸ್ಪತ್ರೆಗಳ ಪಟ್ಟಿಯಲ್ಲಿ ಸಿಎಎಚ್ ಇದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ಸಮಸ್ಯೆಗಳ ಪಟ್ಟಿಯಲ್ಲಿ ಅದು ಸೇರಿಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ‘ಪ್ಯಾಕೇಜ್’ ರೂಪದಲ್ಲಿ ಸಿಗುತ್ತದೆ, ಕೇಳಿದವರಿಗೆ, ಕೊಡಬಲ್ಲವರಿಗೆ.

ಸ್ಕ್ರೀನಿಂಗ್ ಮಾಡಿದರೆ ಆಯಿತು ಅಂತಲೂ ಅಲ್ಲ. ತಿಂಗಳು ತುಂಬದ ಮಕ್ಕಳಲ್ಲಿ 17-ಒಎಚ್‌ಪಿ ಸುಮ್ಸುಮ್ನೆ ಜಾಸ್ತಿ ಕಾಣುತ್ತದೆ. 24 ಗಂಟೆಯೊಳಗೆ ರಕ್ತ ತೆಗೆದರೂ ಹಾಗೆಯೇ. ಮರುಪರೀಕ್ಷೆಗೆ ಜನ, ಫೋನ್ ನಂಬರ್, ವಾಹನ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ವರದಿ ಬೇಗ ಬರಬೇಕು. ಉಪ್ಪು ಸೋರುವ ಮಗು ಒಂದರಿಂದ ಮೂರನೇ ವಾರದೊಳಗೆ ಕುಸಿಯುತ್ತದೆ. ಇಪ್ಪತ್ತೈದನೇ ದಿನ ಬರುವ ವರದಿ ಕಡತಕ್ಕೆ ಮಾತ್ರ ಲಾಯಕ್ಕು.

ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕೆಂಬ ನಿಯಮ ಈಗಾಗಲೇ ಇದೆ. ಅವರ ಕಿಟ್ಟಿನಲ್ಲಿ ತೂಕದ ತಕ್ಕಡಿ ಇರುತ್ತದೆ. ಈ ಕಾಯಿಲೆಯ ಅಪಾಯದ ದಿನಗಳೂ ಆ ಭೇಟಿಯ ದಿನಗಳೂ ಒಂದೇ ಆಗಿರುವುದು ನಮ್ಮ ಅದೃಷ್ಟ. ಮಗು ಹುಟ್ಟಿದ ಮೇಲೆ ಮೊದಲ ದಿನಗಳಲ್ಲಿ ಸ್ವಲ್ಪ ತೂಕ ಕಳೆದುಕೊಳ್ಳುತ್ತದೆ. ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು. 14ನೇ ದಿನ ತೂಕ ಇನ್ನೂ ಇಳಿಯುತ್ತಿದ್ದರೆ, ವಾಂತಿ ಇದ್ದರೆ, ಹಾಲು ಹಿಡಿಯದಿದ್ದರೆ ಆ ದಿನವೇ ಸೋಡಿಯಂ, ಪೊಟ್ಯಾಸಿಯಂ ನೋಡಬೇಕು. ಇದು ತಾಲ್ಲೂಕು ಮಟ್ಟದಲ್ಲೂ ಮಾಡಬಹುದಾದ ಪರೀಕ್ಷೆ. ತೊಂದರೆ ಎಲ್ಲಿ ಅಂದರೆ ಬಾಣಂತಿ ಗಂಡನ ಊರಿನ ಪಟ್ಟಿಯಲ್ಲಿ ಇರುತ್ತಾಳೆ, ಮಗು ತವರಿನಲ್ಲಿರುತ್ತದೆ. ಜಗಳೂರಿನ ಆಶಾ ಹೊನ್ನಾಳಿಗೆ ಹೋಗಲಾರರು. ಹೆರಿಗೆ ಆಸ್ಪತ್ರೆಯಿಂದ ಬಿಡುವಾಗ ‘ಬಾಣಂತನ ಎಲ್ಲಿ?’ ಎಂದು ಕೇಳಿ ಆ ಊರಿನ ಆಶಾಗೆ ಹೆಸರು ಕಳಿಸುವ ಕೆಲಸಕ್ಕೆ ಹೊಸ ಯಂತ್ರವೇನೂ ಬೇಕಿಲ್ಲ.

ಮಾತ್ರೆ ಹಳೆಯದು, ಭಯ ಹೊಸದು

1865ರಲ್ಲಿ ನೇಪಲ್ಸ್‌ನಲ್ಲಿ ಲುಯಿಜಿ ಡಿ ಕ್ರೆಕಿಯೊ ಎಂಬ ವೈದ್ಯ, ಗಂಡಾಗಿ ಬಾಳಿ ಸತ್ತ ಒಬ್ಬರ ಶವಪರೀಕ್ಷೆಯಲ್ಲಿ ಗರ್ಭಕೋಶವನ್ನೂ ತುಂಬಾ ದೊಡ್ಡದಾದ ಅಡ್ರಿನಲ್ ಗ್ರಂಥಿಗಳನ್ನೂ ಕಂಡು ಬರೆದಿಟ್ಟ. ಚಿಕಿತ್ಸೆ ಸಿಗಲು ಇನ್ನೂ 85 ವರ್ಷ ಬೇಕಾಯಿತು. 1950ರಲ್ಲಿ ಅಮೆರಿಕದ ಲಾಸನ್ ವಿಲ್ಕಿನ್ಸ್ ಕಾರ್ಟಿಸೋನ್ ಕೊಟ್ಟು ಆಂಡ್ರೋಜನ್ ಇಳಿಯುವುದನ್ನು ತೋರಿಸಿದರು. ಇವತ್ತಿಗೂ ತತ್ವ ಅದೇ. ಹೈಡ್ರೋಕಾರ್ಟಿಸೋನ್ ಮಾತ್ರೆ ದಿನಕ್ಕೆ ಮೂರು ಸಲ, ಉಪ್ಪು ಹಿಡಿಯಲು ಫ್ಲೂಡ್ರೋಕಾರ್ಟಿಸೋನ್. ಎಳೆ ಕೂಸಿಗೆ ಜೊತೆಗೆ ಉಪ್ಪು. ಒಂದು ವರ್ಷದವರೆಗೆ ಮಗುವಿಗೆ ಉಪ್ಪು ಕೊಡಬೇಡಿ ಎಂದು ಎಲ್ಲ ತಾಯಂದಿರಿಗೂ ಹೇಳುತ್ತೇವೆ. ಈ ಮಗುವಿನ ತಾಯಿಗೆ ಮಾತ್ರ ಡಾಕ್ಟರು ಅಳತೆ ಬರೆದು ಉಪ್ಪು ಕೊಡಿ ಅನ್ನುತ್ತಾರೆ. ಎದೆ ಹಾಲಿನಲ್ಲಿ ಇರುವ ಸೋಡಿಯಂ ಈ ಮಗುವಿಗೆ ಸಾಲದು. ಮನೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳದಿದ್ದರೆ ಆ ಉಪ್ಪು ಮಗುವಿನ ಬಾಯಿಗೆ ಹೋಗುವುದಿಲ್ಲ. ಏಪ್ರಿಲ್, ಮೇ ತಿಂಗಳ ಚಳ್ಳಕೆರೆ, ಹಿರಿಯೂರಿನ ಬಿಸಿಲಿನಲ್ಲಿ ಬೆವರಿನ ಜೊತೆ ಉಪ್ಪು ಇನ್ನೂ ಹೋಗುತ್ತದೆ ಎನ್ನುವುದೂ ನೆನಪಿರಲಿ.

ನಂತರ ಕಾಡುವುದು ‘ಸ್ಟೀರಾಯ್ಡ್’ ಎಂಬ ಹೆದರಿಕೆ. ಜಿಮ್ಮಿನ ಇಂಜೆಕ್ಷನ್, ಮಂಡಿನೋವಿಗೆ ಕೊಟ್ಟು ಮುಖ ಊದಿಸಿದ ಮಾತ್ರೆ, ಇವನ್ನೆಲ್ಲ ಕೇಳಿದ ನೆಂಟರೊಬ್ಬರು ‘ಇಷ್ಟು ಚಿಕ್ಕ ಮಗೂಗೆ ಸ್ಟೀರಾಯ್ಡಾ?’ ಅನ್ನುತ್ತಾರೆ. ತಾಯಿ ಮಾತ್ರೆ ನಿಲ್ಲಿಸುತ್ತಾಳೆ. ಅಲ್ಲಿ ಹೊರಗಿನಿಂದ ಹೆಚ್ಚುವರಿ ಸೇರಿಸಿದ್ದು. ಇಲ್ಲಿ ದೇಹ ತಯಾರಿಸದೇ ಇದ್ದುದನ್ನು ಅಷ್ಟೇ ಅಳತೆಯಲ್ಲಿ ತುಂಬುವುದು. ನಿಲ್ಲಿಸಿದರೆ ಮಗು ಕುಸಿಯುತ್ತದೆ. ಜ್ವರ ಬಂದಾಗ ಡೋಸನ್ನು ಎರಡು, ಮೂರು ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್ ಬೇಕು. ಇಷ್ಟನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ರಾತ್ರಿ ಡ್ಯೂಟಿಯಲ್ಲಿರುವ, ಈ ಕಾಯಿಲೆ ಹಿಂದೆ ನೋಡಿರದ ಡಾಕ್ಟರಿಗೂ ಅನುಕೂಲ.

2024ರ ಡಿಸೆಂಬರಿನಲ್ಲಿ ಅಮೆರಿಕ ಕ್ರಿನೆಸರ್ಫಾಂಟ್ ಎಂಬ ಹೊಸ ಔಷಧಿಗೆ ಒಪ್ಪಿಗೆ ಕೊಟ್ಟಿತು. ಪಿಟ್ಯುಟರಿಗೆ ಹೋಗುವ ಆದೇಶವನ್ನೇ ತಡೆದು ಎಸಿಟಿಎಚ್ ಇಳಿಸುತ್ತದೆ. ಅದರಿಂದ ಹೈಡ್ರೋಕಾರ್ಟಿಸೋನಿನ ಡೋಸು ಕಡಿಮೆ ಮಾಡಬಹುದು, ನಿಲ್ಲಿಸಲಾಗದು. ನಾಲ್ಕು ವರ್ಷ ದಾಟಿದವರಿಗೆ ಮಾತ್ರ. ವಿಜ್ಞಾನದ ದೃಷ್ಟಿಯಿಂದ ಒಳ್ಳೆಯ ಹೆಜ್ಜೆಯೇ. ಆದರೆ ಮೊಳಕಾಲ್ಮುರಿನ ಹಳ್ಳಿಯ ಮಗು ಮೊದಲು ನಾಲ್ಕು ವರ್ಷ ಬದುಕಬೇಕು. ಮಕ್ಕಳ ಹಾರ್ಮೋನು ತಜ್ಞರು ಹೆಚ್ಚಾಗಿ ಬೆಂಗಳೂರಿನಲ್ಲೇ ಇದ್ದಾರೆ; ದಾವಣಗೆರೆಯಿಂದ 260 ಕಿ.ಮೀ. ಅಲ್ಲಿಗೆ ವರ್ಷಕ್ಕೆ ಕೆಲವು ಸಲ ಹೋಗಿಬರಬಹುದು. ಮಾತ್ರೆ ಮಾತ್ರ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲೇ ತಪ್ಪದೆ ಸಿಗಬೇಕು.

ಈಗಾಗಲೇ ಒಂದು ಮಗುವಿಗೆ ಸಿಎಎಚ್ ಇದ್ದರೆ, ಅಥವಾ ಹಿಂದೆ ಒಂದು ಗಂಡು ಮಗು ಎರಡು, ಮೂರನೇ ವಾರ ಕಾರಣ ತಿಳಿಯದೆ ಹೋಗಿದ್ದರೆ, ಮುಂದಿನ ಬಸುರಿಗೆ ಮೊದಲೇ ಡಾಕ್ಟರಿಗೆ ಹೇಳಬೇಕು. ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಹೊಸದಾಗಿಯೇ ಇರುತ್ತದೆ. ‘ಒಂದಾಯಿತು, ಇನ್ನು ಮೂರು ಸರಿ’ ಎಂಬ ಲೆಕ್ಕ ನಡೆಯುವುದಿಲ್ಲ. ಗಂಡ ಹೆಂಡತಿಯ ಮ್ಯುಟೇಶನ್ ಮೊದಲೇ ಗೊತ್ತಿದ್ದರೆ ಗರ್ಭದಲ್ಲೇ ಪರೀಕ್ಷೆ ಮಾಡಬಹುದು. ಗರ್ಭದಲ್ಲಿರುವ ಹೆಣ್ಣು ಮಗುವಿನ ಅಂಗಗಳು ಗಂಡಿನಂತೆ ಬೆಳೆಯದಿರಲಿ ಎಂದು ಬಸುರಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುವ ಪದ್ಧತಿಯೊಂದಿದೆ. ಸಂಶೋಧನೆಯ ಹೊರಗೆ ಅದು ಬೇಡ ಎನ್ನುವುದು ಹಾರ್ಮೋನು ತಜ್ಞರ ಸಲಹೆ. ಇಂಥ ಮನೆಯಲ್ಲಿ ಮಗು ಹುಟ್ಟಿದರೆ ಸರ್ಕಾರಿ ಯೋಜನೆಗಾಗಿ ಕಾಯದೆ ಮೂರನೇ ದಿನವೇ 17-ಒಎಚ್‌ಪಿ ರಕ್ತ ಕಳಿಸಿ, ವರದಿ ಬರುವವರೆಗೆ ದಿನಕ್ಕೊಮ್ಮೆ ತೂಕ, ಎರಡು ಮೂರು ದಿನಕ್ಕೊಮ್ಮೆ ಸೋಡಿಯಂ, ಪೊಟ್ಯಾಸಿಯಂ ನೋಡಬೇಕು.